ನೈಟ್ರೋ ಟ್ರಕ್ಕಿನ ಇಂಧನ ಟ್ಯಾಂಕನ್ನು ಹಿಂದಕ್ಕೆ, ಮೇಲಕ್ಕೆ ಸರಿಸಬಹುದೇ?

ಕೆಂಧೂಳಿ (ಬೆಂಗಳೂರು)

ನಮಸ್ಕಾರ. ನನ್ನ ರಿಮೋಟ್ ಟ್ರಕ್ಕಿನಲ್ಲಿ ಒಂದು ಬದಲಾವಣೆ ಮಾಡಲು ಹೊರಟಿದ್ದೇನೆ. ಡ್ರಿಲ್ ಹಿಡಿಯುವ ಮುನ್ನ ಬಲ್ಲವರ ಅಭಿಪ್ರಾಯ ಬೇಕು. ಟ್ರಕ್ 1/8 ಅಳತೆಯದು, ಇಂಧನ ತುಂಬಿದಾಗ ಸುಮಾರು 5 ಕೆ.ಜಿ. ತೂಗುತ್ತದೆ. ಎಂಜಿನ್ 3.5 ಸಿಸಿ, ಟ್ಯಾಂಕ್ 150 ಸಿಸಿ, ಇಂಧನದಲ್ಲಿ ನೈಟ್ರೋಮೀಥೇನ್ ಶೇ. 20. ಟ್ಯಾಂಕ್ ಚಾಸಿಯ ಬಲಬದಿಯಲ್ಲಿದ್ದು, ಸೈಲೆನ್ಸರ್ ಪೈಪು ಅದರಿಂದ ಒಂದು ಬೆರಳಿನಷ್ಟು ದೂರದಲ್ಲಿ ಹಾದುಹೋಗುತ್ತದೆ.

ತೊಂದರೆ ಎರಡು. ಬೇಸಿಗೆಯ ಮಧ್ಯಾಹ್ನ ಓಡಿಸುವಾಗ ಟ್ಯಾಂಕ್ ಅರ್ಧಕ್ಕಿಳಿಯುತ್ತಿದ್ದಂತೆ ಸಿಲಿಕೋನ್ ಟ್ಯೂಬಿನಲ್ಲಿ ಗುಳ್ಳೆಗಳು ಕಾಣಿಸಿಕೊಳ್ಳುತ್ತವೆ. ಎಂಜಿನ್ ಲೀನ್ ಆಗಿ (ಗಾಳಿ ಹೆಚ್ಚಾಗಿ, ಇಂಧನ ಸಾಲದೆ) ಕಿರುಚತೊಡಗುತ್ತದೆ, ಹೊಗೆ ನಿಂತುಹೋಗುತ್ತದೆ, ನಾನು ಓಡಿಹೋಗಿ ಆರಿಸಬೇಕಾಗುತ್ತದೆ. ಇನ್ನೊಂದು ತೊಂದರೆ ತೂಕದ್ದು: ಎಡಕ್ಕೆ ತಿರುಗಿಸಿದಾಗ ಗಾಡಿ ಬಲಕ್ಕೆ ವಾಲಿ ಮಗುಚುತ್ತದೆ, ಅದೇ ವೇಗದಲ್ಲಿ ಬಲಕ್ಕೆ ತಿರುಗಿಸಿದರೆ ಮಗುಚುವುದಿಲ್ಲ. ಹಾಗಾಗಿ 2.5 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡನ್ನು ಕತ್ತರಿಸಿ, ಟ್ಯಾಂಕನ್ನು ಹಿಂದಿನ ಗೇರ್‌ಬಾಕ್ಸಿನ ಮೇಲೆ, ನಡುಗೆರೆಗೆ ಸರಿಯಾಗಿ ಕೂರಿಸಬೇಕೆಂದಿದ್ದೇನೆ. ಆಗ ಟ್ಯಾಂಕ್ ಈಗಿನದಕ್ಕಿಂತ 45 ಮಿ.ಮೀ. ಎತ್ತರಕ್ಕೆ ಹೋಗುತ್ತದೆ, ಜಾಗ ಸಾಲದ ಕಾರಣ ಅದನ್ನು ಅಡ್ಡಕ್ಕೆ ತಿರುಗಿಸಬೇಕಾಗುತ್ತದೆ, ಟ್ಯೂಬಿನ ಉದ್ದ 11 ಸೆಂ.ಮೀ.ನಿಂದ 24 ಸೆಂ.ಮೀ.ಗೆ ಏರುತ್ತದೆ. ತಗಡು ಸಿದ್ಧವಾಗಿದೆ, ತೂತುಗಳನ್ನು ಇನ್ನೂ ಹಾಕಿಲ್ಲ.

ಹಳೆಯ ಕೆಡೆಟ್ (ಧಾರವಾಡ)

ತೂತು ಹಾಕಬೇಡಿ. ಎನ್‌ಸಿಸಿ ವಾಯುದಳದಲ್ಲಿ ಮಾದರಿ ವಿಮಾನ ಕಟ್ಟುವಾಗ ನಮಗೆ ಮೊದಲು ಕಲಿಸಿದ ಪಾಠವೇ ಟ್ಯಾಂಕಿನ ಎತ್ತರದ್ದು. ಟ್ಯಾಂಕಿನ ನಡುಮಟ್ಟವು ಕಾರ್ಬ್ಯುರೇಟರಿನಲ್ಲಿ ಇಂಧನ ಚಿಮ್ಮುವ ರಂಧ್ರದ ಮಟ್ಟಕ್ಕೆ ಸಮನಾಗಿ, ಇಲ್ಲವೇ ತುಸು ಕೆಳಗೆ ಇರಬೇಕು. ಎಂಜಿನ್ ವಿಮಾನದಲ್ಲಿದ್ದರೂ ಟ್ರಕ್ಕಿನಲ್ಲಿದ್ದರೂ ದ್ರವಕ್ಕೆ ಗೊತ್ತಿರುವುದು ಎತ್ತರ ಒಂದೇ. ಮಹಡಿಯ ಮೇಲಿನ ನೀರಿನ ಟ್ಯಾಂಕಿನಿಂದ ಕೆಳಮನೆಯ ನಲ್ಲಿಗೆ ರಭಸವಾಗಿ ಬರುವ ನೀರು ಮೇಲ್ಮನೆಯ ನಲ್ಲಿಗೆ ಸಣ್ಣಗೆ ಬರುವುದಿಲ್ಲವೇ, ಅದೇ ಇಲ್ಲಿ ನಡೆಯುವುದು.

ಲೆಕ್ಕವನ್ನೂ ನೋಡೋಣ. ನಿಮ್ಮ ಇಂಧನದ ಸಾಂದ್ರತೆ ಸುಮಾರು 0.88 ಎಂದು ಹಿಡಿದರೆ, 45 ಮಿ.ಮೀ. ಏರಿಸಿದಾಗ ಕಾರ್ಬ್ಯುರೇಟರಿನ ಮೇಲೆ ಹೆಚ್ಚುವರಿಯಾಗಿ ಸುಮಾರು 4 ಸೆಂ.ಮೀ. ನೀರಿನಷ್ಟು ಒತ್ತಡ ಸದಾ ಕುಳಿತಿರುತ್ತದೆ. ಎಂಜಿನ್ ಆರಿದ ಮೇಲೂ ಅದು ಇಳಿಯುವುದಿಲ್ಲ. ಇಂಧನದ ಹರಿವನ್ನು ಹೊಂದಿಸುವ ಸೂಜಿ ತಿರುಪು, ಅಂದರೆ ನೀಡಲ್, ತೆರೆದೇ ಇರುವುದರಿಂದ ಇಂಧನ ತನ್ನಷ್ಟಕ್ಕೆ ಹರಿದು ಎಂಜಿನ್ನಿನ ಕೆಳಗೂಡಾದ ಕ್ರ್ಯಾಂಕ್‌ಕೇಸ್ ತುಂಬುತ್ತದೆ. ಅದು ತಿಳಿಯದೆ ಸ್ಟಾರ್ಟ್ ಮಾಡಲು ಹಗ್ಗ ಎಳೆದರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ.

ಗಾಲಿಮನೆ (ಹುಬ್ಬಳ್ಳಿ)

ಕೆಡೆಟ್ ಅವರ ಅನುಭವಕ್ಕೆ ಗೌರವ ಕೊಟ್ಟೇ ಹೇಳುತ್ತೇನೆ, ವಿಮಾನದ ನಿಯಮವನ್ನು ಇಲ್ಲಿಗೆ ಹಾಗೆಯೇ ತರುವುದು ಸರಿಯಲ್ಲ. ನಮ್ಮ ಟ್ರಕ್ಕುಗಳಲ್ಲಿ ಸೈಲೆನ್ಸರಿನಿಂದ ಒಂದು ಟ್ಯೂಬು ಟ್ಯಾಂಕಿನ ಮೇಲ್ಭಾಗಕ್ಕೆ ಬರುತ್ತದೆ. ಆ ಹೊಗೆಯ ಒತ್ತಡವೇ ಇಂಧನವನ್ನು ಕಾರ್ಬ್ಯುರೇಟರಿಗೆ ತಳ್ಳುತ್ತದೆ. ಅದರ ಮುಂದೆ ಕೆಲವು ಸೆಂಟಿಮೀಟರ್ ಎತ್ತರ ಲೆಕ್ಕಕ್ಕೆ ಬರುವುದಿಲ್ಲ. ನಾನು ನನ್ನ ಟ್ರಕ್ಕಿನ ಟ್ಯಾಂಕನ್ನು 30 ಮಿ.ಮೀ. ಎತ್ತರಿಸಿ ಎರಡು ವರ್ಷದಿಂದ ಓಡಿಸುತ್ತಿದ್ದೇನೆ. ನೀಡಲ್ ತುಸು ಬಿಗಿ ಮಾಡಿದೆ, ಅಷ್ಟೇ. ಕಾರ್ಖಾನೆಯ ಜಾಗದಲ್ಲಿಯೇ ಇದ್ದರೂ ಟ್ಯಾಂಕ್ ತುಂಬಿದಾಗಿನಿಂದ ಬರಿದಾಗುವವರೆಗೆ ಇಂಧನದ ಮಟ್ಟ 5 ಸೆಂ.ಮೀ. ಇಳಿಯುತ್ತದೆ, ಅದಕ್ಕೆ ಯಾರೂ ಹೆದರುವುದಿಲ್ಲವಲ್ಲ? ಬಿಸಿಯಿಂದ ದೂರವಾಗುವ, ತೂಕ ನಡುವಿಗೆ ಬರುವ ಲಾಭ ದೊಡ್ಡದು. ಕೆಂಧೂಳಿಯವರು ಮುಂದುವರಿಯಲಿ.

ಹಳೆಯ ಕೆಡೆಟ್

ಒತ್ತಡದ ವಿಷಯದಲ್ಲಿ ನೀವು ಹೇಳಿದ್ದು ಪೂರ್ಣ ಥ್ರಾಟಲ್ ಕೊಟ್ಟಾಗ ನಿಜ. ಐಡ್ಲಿಂಗ್‌ನಲ್ಲಿ ಹೊಗೆ ಕಡಿಮೆ, ಹಾಗಾಗಿ ಆ ಒತ್ತಡವೂ ಕಡಿಮೆ. ಎತ್ತರದ ಒತ್ತಡ ಮಾತ್ರ ಮೊದಲಿನಷ್ಟೇ ಇರುತ್ತದೆ. ಓಟದಲ್ಲಿ ಗಮನಕ್ಕೂ ಬಾರದ ಎತ್ತರವು ಗಾಡಿ ನಿಂತಲ್ಲೇ ಗುಡುಗುಡು ಎನ್ನುವಾಗ ಮುಖ್ಯವಾಗುವುದು ಇದರಿಂದಲೇ. ಎಂಜಿನ್ ಇಂಧನ ತುಂಬಿಕೊಂಡು ಉಸಿರುಗಟ್ಟುತ್ತದೆ. ಅದನ್ನು ತಡೆಯಲು ಕೆಳವೇಗದ ನೀಡಲ್ ಬಿಗಿ ಮಾಡಿದರೆ, ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಲೀನ್ ಆಗುತ್ತದೆ.

5 ಸೆಂ.ಮೀ. ಇಳಿತದ ಪ್ರಶ್ನೆಯನ್ನು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಉತ್ತರ ಅದರಲ್ಲೇ ಇದೆ. ಟ್ಯಾಂಕಿನ ನಡುಮಟ್ಟ ರಂಧ್ರಕ್ಕೆ ಸಮವಾಗಿದ್ದರೆ ಇಂಧನವು ರಂಧ್ರಕ್ಕಿಂತ 25 ಮಿ.ಮೀ. ಮೇಲಿನಿಂದ 25 ಮಿ.ಮೀ. ಕೆಳಗಿನವರೆಗೆ ಇಳಿಯುತ್ತದೆ, ಅಂದರೆ ದೋಷ ಎರಡೂ ಕಡೆಗೆ ಹಂಚಿಹೋಗುತ್ತದೆ. ಅದೇ ಟ್ಯಾಂಕನ್ನು 45 ಮಿ.ಮೀ. ಎತ್ತಿದರೆ ಮಟ್ಟವು 70ರಿಂದ 20ಕ್ಕೆ ಇಳಿಯುತ್ತದೆ. ಕೊನೆಯ ಹನಿಯವರೆಗೂ ಇಂಧನ ಮೇಲೆಯೇ ಇರುತ್ತದೆ. ವಿಮಾನದವರು ಇದನ್ನು ತಪ್ಪಿಸಲು ಯುನಿಫ್ಲೋ ಎಂಬ ಟ್ಯಾಂಕ್ ಬಳಸುತ್ತಾರೆ. ಅದರಲ್ಲಿ ಗಾಳಿ ಬರುವ ಕೊಳವೆಯನ್ನು ಇಂಧನ ಹೀರುವ ಕೊಳವೆಯ ಬಾಯಿಯ ಹತ್ತಿರಕ್ಕೇ ಇಳಿಸಿರುತ್ತಾರೆ, ಇಂಧನ ಎಷ್ಟೇ ಇಳಿದರೂ ಒತ್ತಡ ಬದಲಾಗುವುದಿಲ್ಲ. ಗಾಲಿಮನೆಯವರೇ, ನಿಮ್ಮ ಗಾಡಿ ಎರಡು ವರ್ಷ ಚೆನ್ನಾಗಿ ಓಡಿದ್ದನ್ನು ನಾನು ನಂಬುತ್ತೇನೆ. ಆದರೆ 30 ಮಿ.ಮೀ. ಎತ್ತರಿಸಿದ್ದು ಎಲ್ಲಿಂದ? ರಂಧ್ರದಿಂದ ಟ್ಯಾಂಕಿನ ನಡುಮಟ್ಟಕ್ಕೆ ಎಷ್ಟಿತ್ತು, ಈಗ ಎಷ್ಟಿದೆ ಎಂದು ಸ್ಕೇಲ್ ಇಟ್ಟು ಅಳೆದು ಹೇಳುವಿರಾ?

ಪಡುಗಡಲು (ಮಂಗಳೂರು)

ಎತ್ತರದ ವಾದವನ್ನು ಸ್ವಲ್ಪ ಬದಿಗಿಟ್ಟು ಗುಳ್ಳೆಗಳ ಕಡೆ ಬರೋಣ. ಬಿಸಿಲೇರಿದಂತೆ ಗಾಳಿ ತೆಳುವಾಗುತ್ತದೆ. ಬೆಳಿಗ್ಗೆ ಹೊಂದಿಸಿದ ನೀಡಲ್ ಮಧ್ಯಾಹ್ನ ರಿಚ್ (ಇಂಧನ ಹೆಚ್ಚು) ಆಗಬೇಕೇ ಹೊರತು ಲೀನ್ ಆಗಬಾರದು. ಇದೇ ಕಾರಣದಿಂದ ನಾನು ಇಲ್ಲಿ ಕಡಲಮಟ್ಟದಲ್ಲಿ ಹೊಂದಿಸಿದ ಗಾಡಿಯನ್ನು ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ತಂದಾಗ ನೀಡಲನ್ನು ತುಸು ಮುಚ್ಚಬೇಕಾಗುತ್ತದೆ. ಮಧ್ಯಾಹ್ನವೇ ಲೀನ್ ಆಗುತ್ತಿದೆ ಎಂದರೆ ದೋಷ ಇಂಧನ ಬರುವ ದಾರಿಯಲ್ಲಿದೆ.

ಈ ಇಂಧನದ ಮುಖ್ಯ ಭಾಗವಾದ ಮೆಥನಾಲ್ ಕುದಿಯುವುದು 64.7 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪೈಪು ಅಷ್ಟು ಹತ್ತಿರವಿದ್ದರೆ ಟ್ಯಾಂಕಿನ ಆ ಬದಿಯ ಗೋಡೆ ಎಷ್ಟು ಕಾಯುತ್ತದೆ ಎಂದು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡಿ. 45 ಡಿಗ್ರಿಯೊಳಗಿದ್ದರೆ ಇಂಧನ ಕುದಿಯುತ್ತಿದೆ ಎನ್ನುವ ಊಹೆಯನ್ನು ಬಿಟ್ಟುಬಿಡಬಹುದು. ಬಿಸಿಯೇ ಕಾರಣವಾದರೂ ಇಡೀ ಟ್ಯಾಂಕನ್ನು ಸಾಗಿಸಬೇಕಾಗಿಲ್ಲ, ನಡುವೆ ಒಂದು ತಗಡಿನ ಮರೆ ನಿಲ್ಲಿಸಿದರೆ ಸಾಕು.

ಲೇತ್ ಮೇಜು (ಪೀಣ್ಯ)

ನಾನು ಲೋಹದ ಕೆಲಸದವನು, ಆ ಕಣ್ಣಿನಿಂದ ನೋಡುತ್ತೇನೆ. ಎಲ್ಲರೂ ಎತ್ತರವನ್ನೇ ಹಿಡಿದುಕೊಂಡಿದ್ದೀರಿ, ಆದರೆ ಟ್ಯಾಂಕನ್ನು ಅಡ್ಡಕ್ಕೆ ತಿರುಗಿಸುತ್ತೇನೆ ಎಂಬ ಮಾತು ನನಗೆ ಹೆಚ್ಚು ಭಯ ಹುಟ್ಟಿಸಿತು. ಥ್ರಾಟಲ್ ಕೊಟ್ಟಾಗ ಇಂಧನ ಹಿಂದಕ್ಕೆ ನುಗ್ಗುವುದರಿಂದ, ಹೀರುವ ಕೊಳವೆಯ ಬಾಯಿಯನ್ನು ಟ್ಯಾಂಕಿನ ಹಿಂದಿನ ತಳಮೂಲೆಯಲ್ಲಿ ಇಟ್ಟಿರುತ್ತಾರೆ. ಅಡ್ಡಕ್ಕೆ ತಿರುಗಿಸಿದರೆ ಆ ಮೂಲೆ ಎಡಕ್ಕೋ ಬಲಕ್ಕೋ ಹೋಗುತ್ತದೆ. ಆಮೇಲೆ ಅರ್ಧ ಟ್ಯಾಂಕಿನಲ್ಲಿ ಒಂದು ಬದಿಗೆ ಉದ್ದನೆಯ ತಿರುವು ತೆಗೆದುಕೊಂಡಾಗಲೆಲ್ಲ ಇಂಧನ ಕೊಳವೆಯಿಂದ ದೂರ ಸರಿದು, ಅದು ಬರಿಯ ಗಾಳಿಯನ್ನು ಹೀರುತ್ತದೆ. ಗುಳ್ಳೆ ಹೋಗಲಾಡಿಸಲು ಹೊರಟವರು ಗುಳ್ಳೆಗೆ ಹೊಸ ದಾರಿ ಮಾಡಿಕೊಟ್ಟಂತಾಗುತ್ತದೆ. ಜೊತೆಗೆ ಗೇರ್‌ಬಾಕ್ಸಿನ ಮೇಲೆ ಚಾಚಿಕೊಂಡ ತಗಡು ಎಂಜಿನ್ನಿನ ಕಂಪನಕ್ಕೆ ನಡುಗುತ್ತದೆ, ನಡುಗಿದರೆ ಇಂಧನ ನೊರೆಯಾಗುತ್ತದೆ. ರಬ್ಬರ್ ವಾಷರ್ ಇಲ್ಲದೆ ಟ್ಯಾಂಕನ್ನು ಲೋಹಕ್ಕೆ ಬಿಗಿಯಲೇಬಾರದು.

ತೂಕದ ಲೆಕ್ಕವೂ ನೀವು ಅಂದುಕೊಂಡಂತಿಲ್ಲ. 150 ಸಿಸಿ ಇಂಧನ 132 ಗ್ರಾಂ ಆಗುತ್ತದೆ; ಟ್ಯಾಂಕ್, ತಗಡು, ಸ್ಕ್ರೂ ಸೇರಿ 220 ಗ್ರಾಂ ಎಂದಿಟ್ಟುಕೊಳ್ಳಿ. ಅದನ್ನು ಬದಿಯಿಂದ ನಡುವಿಗೆ 60 ಮಿ.ಮೀ. ಸರಿಸಿದರೆ 5 ಕೆ.ಜಿ. ಗಾಡಿಯ ಗುರುತ್ವಕೇಂದ್ರ ಅಡ್ಡಕ್ಕೆ ಸರಿಯುವುದು 2.6 ಮಿ.ಮೀ. ಮಾತ್ರ. ಆದರೆ 45 ಮಿ.ಮೀ. ಮೇಲೆತ್ತಿದ್ದಕ್ಕೆ ಅದೇ ಕೇಂದ್ರ 2 ಮಿ.ಮೀ. ಮೇಲೇರುತ್ತದೆ, 120 ಮಿ.ಮೀ. ಹಿಂದಕ್ಕೆ ಹೋಗಿದ್ದಕ್ಕೆ 5 ಮಿ.ಮೀ.ಗೂ ಹೆಚ್ಚು ಹಿಂದೆ ಸರಿಯುತ್ತದೆ. ಮುಂದಿನ ಚಕ್ರಗಳು ಹಗುರಾಗಿ, ಥ್ರಾಟಲ್ ಕೊಟ್ಟರೆ ಗಾಡಿ ಮೂತಿ ಎತ್ತುತ್ತದೆ. ಬದಿಯ ತೂಕ ಸರಿದೂಗಿಸುವುದೇ ಉದ್ದೇಶವಾದರೆ ರಿಸೀವರ್ ಬ್ಯಾಟರಿಯನ್ನು ಎಡಬದಿಗೆ ತನ್ನಿ. ಅದಕ್ಕೆ ಟ್ಯೂಬೂ ಇಲ್ಲ, ಒತ್ತಡವೂ ಇಲ್ಲ.

ಕೊನೆಯದಾಗಿ ಒಂದು ಪ್ರಶ್ನೆ: ಟ್ಯಾಂಕ್ ಅರ್ಧಕ್ಕಿಳಿದ ಮೇಲೆಯೇ ಗುಳ್ಳೆ ಬರುತ್ತದೆ ಎಂದಿರಿ. ನಿಮ್ಮ ಟ್ಯಾಂಕಿನ ಹೊರದಾರಿ ಮೇಲಿದ್ದು, ಒಳಗೊಂದು ಟ್ಯೂಬು ತಳದವರೆಗೆ ಇಳಿದಿದೆಯೇ? ಇದ್ದರೆ ಅದು ಅರ್ಧದ ಮಟ್ಟದಲ್ಲಿ ಬಿರುಕು ಬಿಟ್ಟಿರಬಹುದು. ಇಂಧನದಲ್ಲಿ ಮುಳುಗಿರುವಷ್ಟು ಹೊತ್ತು ಬಿರುಕಿನಿಂದ ಏನೂ ಆಗುವುದಿಲ್ಲ. ಮಟ್ಟ ಅದಕ್ಕಿಂತ ಕೆಳಗಿಳಿದ ಗಳಿಗೆಯಿಂದ ಅದು ಗಾಳಿ ಎಳೆಯುತ್ತದೆ.

ಪಡುಗಡಲು

ಲೇತ್ ಮೇಜಿನವರು ಮೂತಿ ಎತ್ತುವ ಮಾತಾಡಿದ್ದರಿಂದ ಇದನ್ನೂ ಸೇರಿಸುತ್ತೇನೆ. ಗಾಡಿ ಹಿಂದಕ್ಕೆ ಪಲ್ಟಿ ಹೊಡೆದರೆ ಮೊದಲು ನೆಲಕ್ಕೆ ಬಡಿಯುವುದು ಆ ಎತ್ತರದ ಟ್ಯಾಂಕೇ. ಮುಚ್ಚಳ ತೆರೆದು ಬಿಸಿ ಪೈಪಿನ ಮೇಲೆ ಇಂಧನ ಚೆಲ್ಲಬಹುದು. ಮೆಥನಾಲಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ, ಆದ್ದರಿಂದ ಎಲ್ಲಿ ಓಡಿಸಿದರೂ ಒಂದು ಬಕೆಟ್ ನೀರು ಮತ್ತು ಒದ್ದೆ ಗೋಣಿಚೀಲ ಪಕ್ಕದಲ್ಲಿರಲಿ.

ಕೆಂಧೂಳಿ

ಎರಡು ಭಾನುವಾರಗಳ ಕೆಲಸದ ನಂತರ ಬರೆಯುತ್ತಿದ್ದೇನೆ. ಲೇತ್ ಮೇಜಿನವರ ಊಹೆ ಸರಿಯಾಗಿತ್ತು. ಮುಚ್ಚಳ ತೆರೆದು ಒಳಗಿನ ಟ್ಯೂಬನ್ನು ಹೊರಗೆಳೆದಾಗ, ಬರಿಗಣ್ಣಿಗೆ ಏನೂ ಕಾಣಲಿಲ್ಲ. ಒಂದು ತುದಿಯನ್ನು ಒತ್ತಿಹಿಡಿದು ನೀರಿನಲ್ಲಿ ಮುಳುಗಿಸಿ ಊದಿದಾಗ, ನಡುವೆ ಬಾಗುವ ಜಾಗದಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಹೊಸ ಟ್ಯೂಬು ಹಾಕಿದ ಮೇಲೆ ಅರ್ಧ ಟ್ಯಾಂಕಿನ ಕಿರುಚಾಟ ನಿಂತಿದೆ. ಟ್ಯಾಂಕಿನ ಪೈಪಿನ ಬದಿಯ ಗೋಡೆ ಮಧ್ಯಾಹ್ನ 2 ಗಂಟೆಗೆ 52 ಡಿಗ್ರಿ ತೋರಿಸಿತು. ಕುದಿಯುವಷ್ಟು ಬಿಸಿ ಅದಲ್ಲದಿದ್ದರೂ ನನಗೆ ಸಮಾಧಾನವಾಗಲಿಲ್ಲ.

ಆದರೂ ಎತ್ತರದ ವಾದವನ್ನು ಕಣ್ಣಾರೆ ನೋಡಬೇಕೆನಿಸಿತು. ಚಾಸಿಗೆ ತೂತು ಹಾಕದೆ, ಟ್ಯಾಂಕಿನ ಕೆಳಗೆ ಮರದ ತುಂಡು ಇಟ್ಟು, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಐಡ್ಲಿಂಗ್‌ನಲ್ಲಿ ಬಿಟ್ಟೆ. 45 ಮಿ.ಮೀ. ಎತ್ತರದಲ್ಲಿ, ತುಂಬಿದ ಟ್ಯಾಂಕಿನೊಂದಿಗೆ ಎಂಜಿನ್ ಅರ್ಧ ನಿಮಿಷದಲ್ಲಿ ದಟ್ಟ ಹೊಗೆ ಬಿಟ್ಟು ಆರಿತು; ಮೂರು ಸಲವೂ ಹಾಗೆಯೇ ಆಯಿತು. ನೀಡಲ್ ಬಿಗಿ ಮಾಡಿದಾಗ ಹಾಗಾಗುವುದು ನಿಂತಿತು, ಆದರೆ ಕಾಲು ಟ್ಯಾಂಕಿಗೆ ಬಂದಾಗ ಕಾರ್ಬ್ಯುರೇಟರಿನ ಪಕ್ಕದಲ್ಲೇ ಟ್ಯೂಬನ್ನು ಹಿಸುಕಿ ನೋಡಿದರೆ ಒಂದೇ ಸೆಕೆಂಡಿನಲ್ಲಿ ವೇಗ ಏರಿ ಆರಿಹೋಯಿತು; ಬೇಗ ಆರಿದಷ್ಟೂ ಲೀನ್ ಎಂದರ್ಥ. ಮೂಲ ಎತ್ತರದಲ್ಲಿ ಇದೇ ಪರೀಕ್ಷೆಗೆ ತುಂಬಿದಾಗ 4 ಸೆಕೆಂಡು, ಕಾಲು ಟ್ಯಾಂಕಿನಲ್ಲಿ 3 ಸೆಕೆಂಡು ಬರುತ್ತದೆ.

ಗಾಲಿಮನೆ

ಕೆಡೆಟ್ ಅವರು ಕೇಳಿದಂತೆ ನಾನೂ ಸ್ಕೇಲ್ ಹಿಡಿದೆ. ನನ್ನ ಟ್ರಕ್ಕಿನಲ್ಲಿ ಮೂಲದಲ್ಲಿ ಟ್ಯಾಂಕಿನ ನಡುಮಟ್ಟ ರಂಧ್ರಕ್ಕಿಂತ 26 ಮಿ.ಮೀ. ಕೆಳಗಿತ್ತು, ಎತ್ತರಿಸಿದ ಮೇಲೆ 4 ಮಿ.ಮೀ. ಮೇಲಿದೆ. ಮೊದಲು ಕೊನೆಯ ಕಾಲು ಟ್ಯಾಂಕಿನಲ್ಲಿ ಲೀನ್ ಆಗುತ್ತಿದ್ದದ್ದು ಆಮೇಲೆ ನಿಂತದ್ದು ಏಕೆಂದು ಈಗ ಅರ್ಥವಾಯಿತು. ಎತ್ತರಿಸಿದರೆ ಏನೂ ಆಗದು ಎಂದು ನಾನು ಹೇಳಿದ್ದು ತಪ್ಪು, ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಟ್ಯಾಂಕನ್ನು ಕಾರ್ಖಾನೆ ಇಟ್ಟ ಜಾಗದಿಂದ ಕದಲಿಸಲೇಬಾರದು ಎಂದು ಯಾರಾದರೂ ಹೇಳಿದರೆ ಒಪ್ಪುವುದಿಲ್ಲ.

ಹಳೆಯ ಕೆಡೆಟ್

ಒಪ್ಪಬೇಡಿ, ನಾನೂ ಒಪ್ಪುವುದಿಲ್ಲ. ನಿಮ್ಮ ಗಾಡಿಯಲ್ಲಿ ಆ 30 ಮಿ.ಮೀ. ಬೇಕಾಗಿಯೇ ಇತ್ತು. 4 ಮಿ.ಮೀ. ಮೇಲಿರುವುದರಿಂದ ಮನೆಗೆ ಬಂದ ಮೇಲೆ ಟ್ಯೂಬಿಗೆ ಒಂದು ಕ್ಲಿಪ್ ಹಾಕಿ ಇಡಿ, ಇಲ್ಲವೇ ಟ್ಯಾಂಕನ್ನು ಬರಿದು ಮಾಡಿ ಇಡಿ. ಕೆಂಧೂಳಿಯವರೇ, ನಿಮ್ಮದು ಎಷ್ಟಿದೆ?

ಕೆಂಧೂಳಿ

ರಂಧ್ರಕ್ಕಿಂತ 3 ಮಿ.ಮೀ. ಕೆಳಗೆ, ಹಾಗಾಗಿ ಟ್ಯಾಂಕ್ ಇದ್ದಲ್ಲೇ ಇರುತ್ತದೆ. ಬ್ಯಾಟರಿಯನ್ನು ಎಡಬದಿಗೆ ತಂದಿದ್ದೇನೆ; ಸರ್ವೋ ತಂತಿಗೆ ಒಂದು ಜೋಡಣೆ ಬೇಕಾಯಿತು, ಅಷ್ಟೇ. ಎಡ ತಿರುವಿನಲ್ಲಿ ಈಗಲೂ ವಾಲುತ್ತದೆ, ಮಗುಚುವುದು ಕಡಿಮೆಯಾಗಿದೆ. ಕತ್ತರಿಸಿಟ್ಟಿದ್ದ ತಗಡನ್ನು ಬಾಗಿಸಿ ಪೈಪಿಗೂ ಟ್ಯಾಂಕಿಗೂ ನಡುವೆ ಮರೆಯಾಗಿ ನಿಲ್ಲಿಸಿದೆ. ನಿನ್ನೆ ಮಧ್ಯಾಹ್ನ ಅದೇ ಹೊತ್ತಿಗೆ ಗೋಡೆಯ ಬಿಸಿ 43 ಡಿಗ್ರಿ ಇತ್ತು.