ನೋಟಿಫಿಕೇಶನ್ ಸಮಯಕ್ಕೆ ತಲುಪುತ್ತಿಲ್ಲ: ಅನುಭವವುಳ್ಳವರು ತಿಳಿಸಿ

ಪ್ರಶ್ನೆ: ಶಾಲಾ ವ್ಯಾನ್ ಹೊರಟಾಗ ಪೋಷಕರಿಗೆ ತಿಳಿಸುವ ಆ್ಯಪ್ ಮಾಡಿದ್ದೇನೆ. ಎಫ್‌ಸಿಎಂ (ಫೋನ್‌ಗಳಿಗೆ ನೋಟಿಫಿಕೇಶನ್ ತಲುಪಿಸುವ ಗೂಗಲ್ ಸೇವೆ) ಮೂಲಕ ಕಳಿಸಿದ ಸಂದೇಶ ಆಂಡ್ರಾಯ್ಡ್‌ನಲ್ಲಿ ಕೆಲವರಿಗೆ ವ್ಯಾನ್ ಬಂದು ಹೋದ ಮೇಲೆ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ನೀವು ಹೇಗೆ ಸರಿಪಡಿಸಿಕೊಂಡಿರಿ?

ಹಾಲಿನ ಲೆಕ್ಕ: ನಮ್ಮ ಆ್ಯಪ್‌ನಲ್ಲಿ ಚಾನೆಲ್ (ಒಂದೇ ಬಗೆಯ ನೋಟಿಫಿಕೇಶನ್‌ಗಳ ಗುಂಪು; ಸದ್ದು ಬರಬೇಕೇ ಎಂಬುದು ಇದರಲ್ಲೇ ತೀರ್ಮಾನ) ರಚಿಸುವಾಗ ಪ್ರಾಮುಖ್ಯವನ್ನು ‘ಲೋ’ ಎಂದಿಟ್ಟಿದ್ದೆ, ಸಂದೇಶ ಬಂದರೂ ಸದ್ದಿಲ್ಲ. ಆಂಡ್ರಾಯ್ಡ್ 8ರಿಂದ ಈಚೆಗೆ ಅದನ್ನು ಕೋಡ್‌ನಿಂದ ಏರಿಸಲಾಗದು, ಚಾನೆಲ್ ಅಳಿಸಿ ಅದೇ ಐಡಿಯಲ್ಲಿ ಮತ್ತೆ ರಚಿಸಿದರೂ ಹಳೆಯ ಸೆಟ್ಟಿಂಗೇ ಮರಳುತ್ತದೆ ಎಂದು ತಿಳಿಯುವಷ್ಟರಲ್ಲಿ ಹನ್ನೊಂದು ದಿನ ಕಳೆದಿತ್ತು. ಕೊನೆಗೆ ಹೊಸ ಐಡಿ ಕೊಟ್ಟೆ.

ಎಸ್‌ಎಂಎಸ್ ಪಕ್ಷ: ನಾನು ಪುಶ್ (ಇಂಟರ್ನೆಟ್ ಮೂಲಕ ಬರುವ ಆ್ಯಪ್ ನೋಟಿಫಿಕೇಶನ್) ಬಿಟ್ಟು ಎಸ್‌ಎಂಎಸ್‌ಗೆ ಮರಳಿದೆ, ಪಶ್ಚಾತ್ತಾಪವಿಲ್ಲ. ಡಿಎಲ್‌ಟಿ (ವ್ಯವಹಾರದ ಎಸ್‌ಎಂಎಸ್ ಕಳಿಸುವವರು ಹೆಸರು ದಾಖಲಿಸಬೇಕಾದ ವ್ಯವಸ್ಥೆ) ನೋಂದಣಿಗೆ ತೆರಿಗೆ ಸೇರಿ 5,900 ರೂಪಾಯಿ ಕಟ್ಟಿದೆ, ಒಪ್ಪಿಗೆಗೆ ಕೊಟ್ಟ ಸಂದೇಶದ ಮಾದರಿ (ಟೆಂಪ್ಲೇಟ್) ಮೂರು ಬಾರಿ ತಿರಸ್ಕೃತವಾಯಿತು, ಕನ್ನಡದಲ್ಲಿ ಬರೆದರೆ 70 ಅಕ್ಷರ ದಾಟಿದೊಡನೆ ಎರಡು ಸಂದೇಶದ ಹಣ ಬೀಳುತ್ತದೆ. ಆದರೂ ತಲುಪುತ್ತದೆ.

ಟೋಕನ್ ಕಾವಲುಗಾರ: ಇದು ಮನೆಯ ನಲ್ಲಿ ಸರಿಪಡಿಸದೆ ಟ್ಯಾಂಕರ್ ತರಿಸಿದಂತಾಯಿತು. ನಾನೂ ಪೆಟ್ಟು ತಿಂದವನೇ: ಎಫ್‌ಸಿಎಂನ ಹಳೆಯ ಎಪಿಐ (ನಮ್ಮ ಸರ್ವರ್ ಅದಕ್ಕೆ ಸಂದೇಶ ಒಪ್ಪಿಸುವ ಮಾರ್ಗ) ನಿಲ್ಲುತ್ತದೆಂದು 2023ರ ಜೂನ್‌ನಲ್ಲೇ ಪ್ರಕಟವಾಗಿದ್ದರೂ ಮಿಂಚಂಚೆಯನ್ನು ಓದದೆ ಬಿಟ್ಟು, 2024ರ ಜುಲೈ ಕೊನೆಯಲ್ಲಿ ಎರಡು ರಾತ್ರಿ ಕುಳಿತು ಸರ್ವರ್‌ನ ಗುರುತು ತೋರಿಸುವ ಹಳೆಯ ‘ಸರ್ವರ್ ಕೀ’ ತೆಗೆದು ಹೊಸ ವಿಧಾನವಾದ ‘ಸರ್ವಿಸ್ ಅಕೌಂಟ್’ಗೆ ಬದಲಾಯಿಸಿದೆ. ಆಗ ಲಾಗ್ ನೋಡಿದರೆ ಮೂರರಲ್ಲೊಂದು ಟೋಕನ್‌ಗೆ (ಪ್ರತಿ ಫೋನಿನ ಆ್ಯಪ್‌ಗೆ ಎಫ್‌ಸಿಎಂ ಕೊಡುವ ವಿಳಾಸ) ‘ಅನ್‌ರಿಜಿಸ್ಟರ್ಡ್’ ಎಂಬ ಉತ್ತರ. ಆ್ಯಪ್ ತೆಗೆದುಹಾಕಿದವರಿಗೆ ನಾನು ತಿಂಗಳುಗಟ್ಟಲೆ ಕಳಿಸುತ್ತಲೇ ಇದ್ದೆ. ಸಂದೇಶದ ಪ್ರಯಾರಿಟಿ ‘ಹೈ’ ಇಲ್ಲದಿದ್ದರೆ ಡೋಜ್‌ನಲ್ಲಿ (ಬ್ಯಾಟರಿ ಉಳಿಸುವ ನಿದ್ರೆಯಲ್ಲಿ) ಮಲಗಿದ ಫೋನ್ ಏಳುವುದಿಲ್ಲ, ಆಂಡ್ರಾಯ್ಡ್ 13ರಲ್ಲಿ ಅನುಮತಿ ಕೇಳದಿದ್ದರೆ ಏನೂ ಕಾಣುವುದಿಲ್ಲ. ಇಷ್ಟನ್ನೂ ನೋಡದೆ ಪುಶ್ ಕೆಟ್ಟದ್ದೆನ್ನುವುದು ಸೋಮಾರಿತನ.

ಎಸ್‌ಎಂಎಸ್ ಪಕ್ಷ: ಸೋಮಾರಿತನ ಎಂಬ ಮಾತನ್ನು ಹಿಂತೆಗೆದುಕೊಳ್ಳಿ. ನೀವು ಹೇಳಿದ್ದೆಲ್ಲವನ್ನೂ ಮಾಡಿದ್ದೆ. ನನ್ನ ಗ್ರಾಹಕರಲ್ಲಿ ಹೆಚ್ಚಿನವರ ಬಳಿಯಿದ್ದ ಅಗ್ಗದ ಫೋನ್, ಆ್ಯಪನ್ನು ಪಕ್ಕಕ್ಕೆ ಸರಿಸಿದೊಡನೆ ಫೋರ್ಸ್ ಸ್ಟಾಪ್ (ಬಲವಂತವಾಗಿ ಪೂರ್ತಿ ನಿಲ್ಲಿಸುವುದು) ಮಾಡುತ್ತಿತ್ತು; ಮತ್ತೆ ತೆರೆಯುವವರೆಗೆ ಎಫ್‌ಸಿಎಂ ಸಂದೇಶ ತಲುಪದು. ನಲವತ್ತು ಮನೆಗೆ ಹೋಗಿ ಆಟೋಸ್ಟಾರ್ಟ್ (ಆ್ಯಪ್ ತಾನಾಗಿ ಶುರುವಾಗಲು ಬಿಡುವ ಸೆಟ್ಟಿಂಗ್) ಆನ್ ಮಾಡಿಕೊಟ್ಟು ಬಂದೆ, ಅಪ್‌ಡೇಟ್ ಬಂದ ವಾರ ಎಲ್ಲವೂ ಮತ್ತೆ ಆಫ್ ಆಗಿತ್ತು. ನೀವು ಯಾರ ಮನೆಗೆ ಹೋಗಿದ್ದೀರಿ?

ಹಾಲಿನ ಲೆಕ್ಕ: ಇಂಗ್ಲಿಷ್ ಲಿಪಿಯಲ್ಲಿ ಕಳಿಸಿದರೆ 160 ಅಕ್ಷರ ಸಿಗುತ್ತದಲ್ಲ?

ಎಸ್‌ಎಂಎಸ್ ಪಕ್ಷ: ಸಿಗುತ್ತದೆ. ಆದರೆ ಅದನ್ನು ಓದಬೇಕಾದವರು ಮಕ್ಕಳ ಅಜ್ಜಿಯಂದಿರು.

ಪ್ರಶ್ನೆ ಕೇಳಿದವರು: ಪ್ರಯಾರಿಟಿ ‘ನಾರ್ಮಲ್’ ಇತ್ತು, ಈಗಷ್ಟೇ ನೋಡಿದೆ.