ಅಜಂತಾ ಭಿತ್ತಿಚಿತ್ರಗಳ ಫೋಟೋ ಅಲುಗಿ, ಹಳದಿಯಾಗಿ ಬರುತ್ತಿದೆ: ಪರಿಹಾರವೇನು?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಅಜಂತಾದ 1ನೇ ಗುಹೆಯಲ್ಲಿ ಪದ್ಮಪಾಣಿ ಬೋಧಿಸತ್ವನ ಚಿತ್ರವನ್ನು ಕ್ಯಾಮೆರಾದೊಂದಿಗೆ ಬಂದ 18–55 ಮಿ.ಮೀ. ಲೆನ್ಸಿನಲ್ಲಿ ಪೂರ್ತಿ ಜೂಮ್ ಮಾಡಿ ತೆಗೆದೆ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಇಟ್ಟರೂ ಷಟರ್ ವೇಗ 1/8 ಸೆಕೆಂಡಿಗಿಂತ ಮೇಲೇರಲಿಲ್ಲ. ಮುಖದ ರೇಖೆಗಳೆಲ್ಲ ಅಲುಗಿವೆ. ಇಡೀ ಚಿತ್ರ ಹಳದಿಗೆ ತಿರುಗಿದ್ದು, ಕಂಪ್ಯೂಟರಿನಲ್ಲಿ ಸರಿಪಡಿಸಲು ಹೋದರೆ ನೀಲಿ ಇರುವೆಡೆಯೆಲ್ಲ ಕಾಳುಕಾಳಾಗಿ ಕಾಣುತ್ತದೆ. ಅಲ್ಲಿ ಫ್ಲ್ಯಾಷ್ ನಿಷಿದ್ಧ, ಟ್ರೈಪಾಡಿಗೆ ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಮತ್ತೆ ಹೋಗುವ ಮುನ್ನ ಹೊಸ ಕ್ಯಾಮೆರಾ ಕೊಳ್ಳಬೇಕೇ?

ಉತ್ತರ: ಕ್ಯಾಮೆರಾ ಬದಲಿಸುವ ಅಗತ್ಯವಿಲ್ಲ, ಲೆನ್ಸ್ ಬದಲಿಸಿದರೆ ಸಾಕು. ನಿಮ್ಮ ಲೆನ್ಸ್ 55 ಮಿ.ಮೀ.ನಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿನ ಕಿಂಡಿ ದೊಡ್ಡದು). ಅದರ ಬದಲು 50 ಮಿ.ಮೀ. ಎಫ್/1.8 ಲೆನ್ಸನ್ನು ಎಫ್/2ರಲ್ಲಿ ಬಳಸಿದರೆ ಸುಮಾರು ಎಂಟು ಪಟ್ಟು ಬೆಳಕು ಒಳಬರುತ್ತದೆ. ಐಎಸ್ಒ 3200ಕ್ಕೆ ಏರಿಸಿದರೆ 1/100 ಸೆಕೆಂಡ್ ಸಲೀಸಾಗಿ ಸಿಗುತ್ತದೆ. ನಮ್ಮ ವಿದ್ಯುತ್ ಪೂರೈಕೆ 50 ಹರ್ಟ್ಸ್‌ನದ್ದಾದ್ದರಿಂದ ಕೆಲವು ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. 1/100ರಲ್ಲಿ ಅದರ ಪಟ್ಟೆಗಳು ಚಿತ್ರದಲ್ಲಿ ಮೂಡುವ ಭಯವೂ ಇರುವುದಿಲ್ಲ. ಎಫ್/2ರಲ್ಲಿ ಫೋಕಸ್ ನಿಲ್ಲುವ ಆಳ ಕಡಿಮೆ ಎಂಬುದು ನಿಜ, ಆದರೆ ನೀವು ತೆಗೆಯುತ್ತಿರುವುದು ಗೋಡೆಯನ್ನು; ಅದಕ್ಕೆ ನೇರ ಎದುರಾಗಿ ನಿಂತರೆ ಅಂಚಿನಿಂದ ಅಂಚಿಗೆ ಸ್ಪಷ್ಟವಾಗಿರುತ್ತದೆ, ಓರೆಯಾಗಿ ನಿಂತರೆ ಒಂದು ಬದಿ ಮಸುಕಾಗುತ್ತದೆ. ದಯವಿಟ್ಟು ಕಂಬಕ್ಕೆ ಒರಗಬೇಡಿ, ಅಲ್ಲಿ ಕಂಬಗಳ ಮೇಲೂ ಬಣ್ಣ ಉಳಿದಿದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಡುತ್ತಾ ಒಂದೇ ಸಮನೆ ಮೂರು ನಾಲ್ಕು ಫ್ರೇಮ್ ತೆಗೆಯಿರಿ. ಬಟನ್ ಒತ್ತುವ ಅದುರು ಮೊದಲನೆಯದರಲ್ಲೇ ಕಳೆದುಹೋಗಿ, ನಡುವಿನವು ಸಾಮಾನ್ಯವಾಗಿ ಚೆನ್ನಾಗಿರುತ್ತವೆ.

ಬಣ್ಣದ ವಿಷಯ ಇದಕ್ಕಿಂತ ಸ್ವಾರಸ್ಯಕರವಾದದ್ದು. ಅಲ್ಲಿನ ಕೆಂಪು, ಹಳದಿ ಕಾವಿಮಣ್ಣಿನವು. ನೀಲಿ ಮಾತ್ರ ಹೊರನಾಡಿನಿಂದ ತರಿಸಿದ ಲ್ಯಾಪಿಸ್ ಲಜುಲಿ ಕಲ್ಲಿನದು. ಹಳದಿ ದೀಪದಲ್ಲಿ ನೀಲಿ ಕಿರಣಗಳೇ ಅತ್ಯಲ್ಪವಾದ್ದರಿಂದ ಸೆನ್ಸರಿಗೆ ಆ ಬಣ್ಣದ ಮಾಹಿತಿ ಸಿಗುವುದೂ ಅಷ್ಟೇ ಕಡಿಮೆ. ವೈಟ್ ಬ್ಯಾಲೆನ್ಸ್ (ದೀಪದ ಬಣ್ಣದ ಛಾಯೆ ಕಳೆಯುವ ಹೊಂದಿಕೆ) ಸರಿಪಡಿಸುವಾಗ ತಂತ್ರಾಂಶವು ಆ ಅಲ್ಪವನ್ನೇ ಹಿಗ್ಗಿಸುವುದರಿಂದ ಕಾಳುಗಳು ಏಳುತ್ತವೆ. ಆದ್ದರಿಂದ ರಾ ಫೈಲಿನಲ್ಲಿಯೇ (ಸೆನ್ಸರಿನ ಮೂಲ ಮಾಹಿತಿಯನ್ನು ಹಾಗೆಯೇ ಉಳಿಸುವ ಫೈಲು) ತೆಗೆದು, ಬೆಳಗಿದ ಭಾಗಗಳು ಬಿಳಚಿಕೊಳ್ಳದಷ್ಟರ ಮಟ್ಟಿಗೆ ಎಕ್ಸ್‌ಪೋಷರನ್ನು ಧಾರಾಳವಾಗಿ ಇಡಿ. ಕಪ್ಪಾಗಿ ತೆಗೆದು ಆಮೇಲೆ ಬೆಳಗಿಸುವುದು ಇಲ್ಲಿ ಅತ್ಯಂತ ಕೆಟ್ಟ ದಾರಿ. ಆಟೋ ವೈಟ್ ಬ್ಯಾಲೆನ್ಸನ್ನೂ ನಂಬಬೇಡಿ, ಅದು ಚಿತ್ರದ ಸ್ವಂತ ಕಾವಿಯನ್ನೇ ದೀಪದ ಬಣ್ಣವೆಂದು ತಿಳಿದು ತೊಳೆದುಹಾಕಬಹುದು. ಅದೇ ದೀಪದಡಿ ಬೂದುಬಣ್ಣದ ಕಾರ್ಡೊಂದನ್ನು ಹಿಡಿದು ಮೊದಲೊಂದು ಫ್ರೇಮ್ ತೆಗೆದುಕೊಂಡರೆ, ಮನೆಯಲ್ಲಿ ಅದನ್ನೇ ಆಧಾರವಾಗಿಟ್ಟು ಉಳಿದವನ್ನು ತಿದ್ದಬಹುದು. ನೀಲಿಯನ್ನು ಹೊಳೆಯುವಂತೆ ಮಾಡುವ ಆಸೆ ಬೇಡ. ಸುಮಾರು 1500 ವರ್ಷ ಹಳೆಯ ಗೋಡೆಯಲ್ಲಿ ಅದು ಮಂಕಾಗಿಯೇ ಇದೆ.

ಮರುಪ್ರಶ್ನೆ: ಬಹಳ ಉಪಕಾರವಾಯಿತು, ಸರ್. ಅದೇ ಗುಹೆಯ ಗರ್ಭಗೃಹದಲ್ಲಿರುವ ಬುದ್ಧನ ಮೂರ್ತಿಗೂ ಇದೇ ಕ್ರಮ ಸಾಕೇ? ಅಲ್ಲಿ ಫೋಕಸ್ ಹಿಂದುಮುಂದಾಗುತ್ತಲೇ ಇರುತ್ತದೆ.

ಉತ್ತರ: ಮೂರ್ತಿಗೆ ಆಳವಿರುವುದರಿಂದ ಎಫ್/4 ಇಟ್ಟು, ಐಎಸ್ಒ 6400ಕ್ಕೆ ಏರಿಸಿ, ಷಟರ್ 1/50ಕ್ಕೆ ಇಳಿಸಿ ನೋಡಿ, ಕಾಳು ಸ್ವಲ್ಪ ಹೆಚ್ಚಾದರೂ ಕಲ್ಲಿನಲ್ಲಿ ಅದು ಅಷ್ಟು ಎದ್ದು ಕಾಣುವುದಿಲ್ಲ. ಫೋಕಸ್ ಬಿಂದುವನ್ನು ನಯವಾದ ಕೆನ್ನೆಯ ಮೇಲಿಡದೆ, ಬೆಳಕು-ನೆರಳು ಸೇರುವ ಅಂಚಿನ ಮೇಲಿಡಿ. ಧರ್ಮಚಕ್ರ ಮುದ್ರೆಯ ಬೆರಳುಗಳ ಸಂದು ಇದಕ್ಕೆ ಅನುಕೂಲ. ಆದರೂ ನಿಲ್ಲದಿದ್ದರೆ ಪರದೆಯಲ್ಲಿ ದೊಡ್ಡದು ಮಾಡಿ ನೋಡುತ್ತಾ ಕೈಯಿಂದಲೇ ಹೊಂದಿಸಿ. ಒಳಗೆ ಹೋಗುವ ಮುನ್ನ, ಫೋಕಸಿಗೆ ನೆರವಾಗಲು ಕ್ಯಾಮೆರಾದಲ್ಲಿ ಉರಿಯುವ ಪುಟ್ಟ ದೀಪವನ್ನು ಮೆನುವಿನಲ್ಲಿ ಮರೆಯದೆ ಆಫ್ ಮಾಡಿಡಿ. ಕಾವಲುಗಾರರು ಅದನ್ನು ಫ್ಲ್ಯಾಷ್ ಎಂದೇ ತಿಳಿದು ತಡೆಯುವ ಸಂಭವವಿದೆ.