ತೂಕ ಅಷ್ಟೇ ಇದೆ, ಜೀನ್ಸ್ ಮಾತ್ರ ಒಂದೂ ಆಗುತ್ತಿಲ್ಲ

ಇಂಚುಪಟ್ಟಿ ಕೇಳಿದ್ದು:

ನನಗೀಗ 48. ತೂಕ ಹತ್ತು ವರ್ಷದಿಂದ 61 ಕಿಲೋ ಆಸುಪಾಸಿನಲ್ಲೇ ಇದೆ. ಆದರೆ ಎರಡು ವರ್ಷದಿಂದ ಮೈ ಜಾಗ ಬದಲಾಯಿಸಿದೆ. ತೊಡೆಯಲ್ಲಿ, ಹಿಂಭಾಗದಲ್ಲಿ ಇದ್ದದ್ದೆಲ್ಲ ಹೊಟ್ಟೆಗೆ ಬಂದು ಕೂತಿದೆ. ಮೊದಲು ಸೊಂಟ 30 ಇಂಚು, ಹಿಪ್ 39. ನಿನ್ನೆ ಟೇಪು ಹಿಡಿದರೆ ಸೊಂಟ 34, ಹಿಪ್ 38. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈಸ್ಟ್ರೊಜನ್ ಕಡಿಮೆಯಾಗಿ ಕೊಬ್ಬು ಹೊಟ್ಟೆಯ ಕಡೆ ಸರಿಯುತ್ತದೆ, ಇದು ಸಹಜ ಅಂತ ಡಾಕ್ಟರ್ ಹೇಳಿದರು. ಸರಿ, ಸಹಜವೇ ಇರಲಿ. ಹಾಕಿಕೊಳ್ಳುವುದು ಏನನ್ನು?

ಹಳೇ ಸೈಜು ಹಾಕಿದರೆ ಗುಂಡಿ ಕೂಡುವುದಿಲ್ಲ. ಮಲಗಿ, ಉಸಿರು ಎಳೆದುಕೊಂಡು ಹೇಗೋ ಹಾಕಿದರೂ ಸಂಜೆ ಹೊತ್ತಿಗೆ ಹೊಟ್ಟೆಯ ಮೇಲೆ ಕೆಂಪು ಗೆರೆ. ಎರಡು ಸೈಜು ದೊಡ್ಡದು ತಂದರೆ ಸೊಂಟ ಸರಿ, ಆದರೆ ಹಿಂದೆ ಚೀಲ ನೇತುಹಾಕಿದ ಹಾಗೆ. ತೊಡೆಯ ಹತ್ತಿರ ಗಾಳಿ ಆಡುತ್ತದೆ. ಬಗ್ಗಿದರೆ ಸೊಂಟಪಟ್ಟಿ ಹಿಂದಿನಿಂದ ಕೆಳಗೆ ಜಾರುತ್ತದೆ. ಒಂದೇ ಮಧ್ಯಾಹ್ನ ಹನ್ನೊಂದು ಜೀನ್ಸ್ ಹಾಕಿ ನೋಡಿದೆ. ಕೊನೆಗೆ ಟ್ರಯಲ್ ರೂಮಿನ ಸ್ಟೂಲಿನ ಮೇಲೆ ಸುಮ್ನೆ ಕೂತುಬಿಟ್ಟೆ. ಅಂಗಡಿಯ ಹುಡುಗಿ ಬಾಗಿಲು ತಟ್ಟಿ "ಆಂಟಿ, ಲೆಗ್ಗಿಂಗ್ಸ್ ತೋರಿಸಲಾ?" ಅಂದಳು. ಪಾಪ, ಅವಳದೇನೂ ತಪ್ಪಿಲ್ಲ. ಆದರೆ ನನಗೆ ಜೀನ್ಸೇ ಬೇಕು. ಮೂವತ್ತು ವರ್ಷ ಹಾಕಿದ್ದೇನೆ.

"ಹೊಟ್ಟೆ ಕರಗಿಸಿ" ಅನ್ನುವವರು ದಯವಿಟ್ಟು ಬೇರೆ ಕಡೆ ಬರೆಯಿರಿ.

ಕತ್ತರಿದಾರ ಬರೆದದ್ದು:

ಮೇಡಂ, ಅಳತೆ ಬರೆದದ್ದು ಒಳ್ಳೆಯದಾಯಿತು. ಎಷ್ಟೋ ಜನ "ನನ್ನದು 32" ಅಂತಷ್ಟೇ ಹೇಳುತ್ತಾರೆ. 32 ಅಂತ ಚೀಟಿ ಇರುವ ಪ್ಯಾಂಟಿನ ಸೊಂಟಪಟ್ಟಿಯನ್ನು ಟೇಪಿನಲ್ಲಿ ಅಳೆದರೆ 34 ಬರಬಹುದು, 35 ಕೂಡ ಬರಬಹುದು. ಕೊಳ್ಳುವವರಿಗೆ ಖುಷಿಯಾಗಲಿ ಅಂತ ಕಂಪನಿಗಳು ಸಂಖ್ಯೆಯನ್ನು ಚಿಕ್ಕದಾಗಿ ಹಾಕುತ್ತವೆ. ಚೀಟಿ ಮರೆತುಬಿಡಿ.

ಬಟ್ಟೆ ಆಲ್ಟರ್ ಮಾಡುವುದೇ ನನ್ನ ಕೆಲಸ, ಇಪ್ಪತ್ತು ವರ್ಷವಾಯಿತು. ನಿಮ್ಮ ಅಳತೆಯಲ್ಲಿ ನನಗೆ ಮೊದಲು ಕಂಡದ್ದು 34 ಅಲ್ಲ, ವ್ಯತ್ಯಾಸ. ಮೊದಲು ಸೊಂಟಕ್ಕೂ ಹಿಪ್‌ಗೂ 9 ಇಂಚು ಅಂತರ ಇತ್ತು. ಈಗ 4. ಹೆಂಗಸರ ಜೀನ್ಸ್ ಹೆಚ್ಚಾಗಿ ಕತ್ತರಿಸುವುದೇ ದೊಡ್ಡ ಅಂತರ ಇರುವ ಮೈಗೆ. ಸೈಜು ಹೆಚ್ಚಿಸಿದರೆ ಸೊಂಟದ ಜೊತೆ ಹಿಪ್ಪು, ತೊಡೆ ಎಲ್ಲವೂ ದೊಡ್ಡದಾಗುತ್ತವೆ. ಚೀಲ ನೇತಾಡುವುದು ಅದಕ್ಕೇ. ನಿಮಗೆ ಬೇಕಾದದ್ದು ದೊಡ್ಡ ಸೈಜಲ್ಲ, ಬೇರೆ ಕಟಿಂಗು. "ಕರ್ವಿ" ಅಂತ ಬರೆದದ್ದನ್ನು ಕೈಯಲ್ಲೂ ಮುಟ್ಟಬೇಡಿ, ಅದು ನಿಮ್ಮ ಹಳೇ ಮೈಗೆ ಸರಿ.

ಆಮೇಲೆ ರೈಸ್ ನೋಡಿ. ಅಂದರೆ ಎರಡೂ ಕಾಲು ಕೂಡುವ ಹೊಲಿಗೆಯಿಂದ ಮುಂದಿನ ಸೊಂಟಪಟ್ಟಿಯ ಮೇಲಂಚಿನವರೆಗೆ ಎಷ್ಟು ಇಂಚು ಅಂತ. 8ರಿಂದ 10 ಇದ್ದರೆ ಮಿಡ್ ರೈಸ್, ಅದಕ್ಕಿಂತ ಮೇಲಿದ್ದರೆ ಹೈ ರೈಸ್ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಕೆಂಪು ಗೆರೆ ಹೊಕ್ಕುಳದ ಕೆಳಗೆ ಮೂಡುತ್ತಿದ್ದರೆ ಪಟ್ಟಿ ಹೊಟ್ಟೆಯ ಉಬ್ಬಿದ ಜಾಗದ ಮೇಲೇ ಕೂತಿದೆ ಅಂತ ಅರ್ಥ. ಕೂತಾಗ ಹೊಟ್ಟೆ ಮುಂದಕ್ಕೆ ಬರುತ್ತದೆ, ಪಟ್ಟಿಗೆ ಹೋಗಲು ಜಾಗ ಇಲ್ಲ, ಮಡಚಿಕೊಂಡು ಒತ್ತುತ್ತದೆ. ಪಟ್ಟಿ ಹೊಟ್ಟೆಯನ್ನು ದಾಟಿ ಮೇಲೆ ಕೂರಬೇಕು. ಇಲ್ಲವಾದರೆ ಪೂರ್ತಿ ಕೆಳಗಿರಬೇಕು. ನಡುವೆ ಮಾತ್ರ ಬೇಡ.

ಕನ್ನಡಿ ಮುಂದೆ ನಿಂತಾಗ ಸುಕ್ಕು ಓದುವುದನ್ನು ಕಲಿತರೆ ಅರ್ಧ ಕೆಲಸ ಮುಗಿಯಿತು. ಕಾಲುಸಂದಿಯಿಂದ ತೊಡೆ ಕಡೆಗೆ ಬೆಕ್ಕಿನ ಮೀಸೆಯ ಹಾಗೆ ಗೆರೆ ಹರಡಿದ್ದರೆ ಅಲ್ಲಿ ಬಟ್ಟೆ ಸಾಲುತ್ತಿಲ್ಲ. ಹಿಂಭಾಗದ ಕೆಳಗೆ, ತೊಡೆ ಶುರುವಾಗುವಲ್ಲಿ, ಬಟ್ಟೆ ಮಡಿಕೆ ಮಡಿಕೆಯಾಗಿ ನಿಂತಿದ್ದರೆ ಅಲ್ಲಿ ಜಾಸ್ತಿ ಆಗಿದೆ. ಬಗ್ಗಿದಾಗ ಹಿಂದೆ ಜಾರುತ್ತಿದ್ದರೆ ಹೆಚ್ಚಾಗಿ ಹಿಂದಿನ ರೈಸ್ ಗಿಡ್ಡ. ಬೆಲ್ಟ್ ಬಿಗಿದರೆ ಅದು ಸರಿಹೋಗುವುದಿಲ್ಲ, ಹೊಟ್ಟೆಗೆ ಇನ್ನಷ್ಟು ಒತ್ತುತ್ತದೆ ಅಷ್ಟೇ.

ಕೊಳ್ಳುವಾಗ ಮೈಯಲ್ಲಿ ಯಾವ ಭಾಗಕ್ಕೆ ಬಟ್ಟೆ ಸಾಲುವುದಿಲ್ಲವೋ ಅದಕ್ಕೆ ಸರಿಯಾದದ್ದನ್ನೇ ಕೊಳ್ಳಿ. ನಿಮಗದು ಹೊಟ್ಟೆ. ಉಳಿದದ್ದನ್ನು ಹಿಡಿಸಬಹುದು, ಇಲ್ಲದ ಬಟ್ಟೆಯನ್ನು ನಾನು ಎಲ್ಲಿಂದ ತರಲಿ? ಕಾಲಿನ ಹೊರಬದಿಯ ಹೊಲಿಗೆಯನ್ನು ಜೇಬಿನ ಕೆಳಗಿನಿಂದ ಹಿಡಿಸುವುದು ಸುಲಭ. ಒಳಬದಿಯಲ್ಲಿ ಸಾಮಾನ್ಯವಾಗಿ ಮೇಲೆ ಕಾಣುವ ಹೊಲಿಗೆ ಇರುತ್ತದೆ, ಬಿಚ್ಚಿದರೆ ಗುರುತು ಉಳಿಯುತ್ತದೆ.

ಬೆಲ್ಟಿನತೂತು ಬರೆದದ್ದು:

ನನ್ನದು ಉಲ್ಟಾ ಕಥೆ. ಒಂದು ವರ್ಷದಲ್ಲಿ 16 ಕಿಲೋ ಇಳಿದೆ. ಖುಷಿಯಲ್ಲಿ ಹಳೇ ಜೀನ್ಸ್ ಒಂದನ್ನು ಟೈಲರ್ ಹತ್ತಿರ ಕೊಟ್ಟು "ಸೊಂಟ ನಾಲ್ಕು ಇಂಚು ಹಿಡಿಸಿ" ಅಂದೆ. ಬೇಡ ಸಾರ್ ಅಂದರು. ನಾನೇ ಹಟ ಮಾಡಿದೆ. ಹಿಂದಿನ ನಡುಹೊಲಿಗೆಯಲ್ಲೇ ಅಷ್ಟೂ ಹಿಡಿಸಿದ್ದರಿಂದ ಎರಡು ಹಿಂಜೇಬುಗಳೂ ಬಂದು ಒಂದಕ್ಕೊಂದು ಮುತ್ತಿಕ್ಕುತ್ತಿವೆ. ಪರ್ಸು ಯಾವ ಜೇಬಿನಲ್ಲಿ ಇಟ್ಟರೂ ಬೆನ್ನುಮೂಳೆಯ ನೇರಕ್ಕೆ ಇರುತ್ತದೆ. ಮನೆಯಲ್ಲಿ ಮಕ್ಕಳಿಗೆ ಇದೇ ತಮಾಷೆ.

ಕತ್ತರಿದಾರರೇ, ಎಷ್ಟರವರೆಗೆ ಹಿಡಿಸಬಹುದು?

ಕತ್ತರಿದಾರ:

ಹಿಂದಿನ ಹೊಲಿಗೆಯಲ್ಲಿ ಒಂದು, ಹೆಚ್ಚೆಂದರೆ ಒಂದೂವರೆ ಇಂಚು. ಅದಕ್ಕಿಂತ ಜಾಸ್ತಿ ಬೇಕಾದರೆ ಜೇಬು ಬಿಚ್ಚಿ ಮತ್ತೆ ಕೂರಿಸಬೇಕು. ಜೇಬಿದ್ದ ಜಾಗದಲ್ಲಿ ಬಣ್ಣ ಗಾಢವಾಗಿಯೇ ಉಳಿದಿರುತ್ತದೆ. ಡೆನಿಮ್‌ನಲ್ಲಿ ನೀಲಿ ಬಣ್ಣ ನೂಲಿನ ಹೊರಪದರದಲ್ಲಿ ಮಾತ್ರ ಇರುತ್ತದೆ, ಒಳಗೆ ಬಿಳಿ. ಸವೆದ ಹಾಗೆ ಬಿಳಿ ಕಾಣುತ್ತದೆ. ಜೇಬಿನ ಅಡಿಯ ಬಟ್ಟೆ ಸವೆದಿರುವುದಿಲ್ಲ. ಜೇಬು ಸರಿಸಿದ ಗುರುತು ಜನ್ಮಕ್ಕೂ ಹೋಗಲ್ಲ. ನಿಮ್ಮ ಟೈಲರ್ ಹೇಳಿದ್ದು ಸರಿ ಇತ್ತು.

ನಿದ್ದೆಗೆಟ್ಟವಳು ಬರೆದದ್ದು:

ಅಕ್ಕ, ನನಗೆ ಹೆರಿಗೆಯಾಗಿ ಏಳು ತಿಂಗಳು. ನೀವು ಹೇಳಿದ ಟ್ರಯಲ್ ರೂಮಿನ ಸ್ಟೂಲು ನನಗೂ ಗೊತ್ತು. ಮಗು ತೋಳಲ್ಲಿ, ಜೀನ್ಸ್ ಮಂಡಿಯವರೆಗೆ, ಇಬ್ಬರೂ ಅಳುತ್ತಿದ್ದೆವು.

ನಾನು ಮಾಡಿದ ತಪ್ಪು ಹೇಳುತ್ತೇನೆ. "ತುಂಬಾ ಸ್ಟ್ರೆಚ್ ಇದೆ, ಮೈ ಹೇಗೆ ಬದಲಾದರೂ ಆಗುತ್ತದೆ" ಅಂತ ಮೆತ್ತಗಿನ ಒಂದನ್ನು ತಂದೆ. ಬೆಳಿಗ್ಗೆ ಅಪ್ಪಿ ಹಿಡಿದ ಹಾಗೆ ಇತ್ತು. ಮಧ್ಯಾಹ್ನಕ್ಕೆ ಮಂಡಿ ಉಬ್ಬಿತು. ಸಂಜೆಗೆ ಹತ್ತು ಹೆಜ್ಜೆಗೊಮ್ಮೆ ಮೇಲಕ್ಕೆ ಎಳೆದುಕೊಳ್ಳಬೇಕು, ಅದೂ ಮಗುವನ್ನು ಎತ್ತಿಕೊಂಡು, ಒಂದೇ ಕೈಯಲ್ಲಿ. ಹಿಗ್ಗುವುದು ಮುಖ್ಯ ಅಲ್ಲ, ಹಿಗ್ಗಿದ್ದು ವಾಪಸ್ ಬರಬೇಕು. ಈಗ ಅಂಗಡಿಯಲ್ಲೇ ಮಂಡಿಯ ಹತ್ತಿರ ಬಟ್ಟೆ ಹಿಡಿದು ಎಳೆದು ಬಿಡುತ್ತೇನೆ. ತಕ್ಷಣ ಮೊದಲಿನ ಹಾಗೆ ಆಗದಿದ್ದರೆ ವಾಪಸ್ ಇಡುತ್ತೇನೆ. ಇನ್ನೊಂದು ತಪ್ಪು, ಬಿಸಿ ನೀರಲ್ಲಿ ಒಗೆದು ಡ್ರೈಯರ್‌ಗೆ ಹಾಕುತ್ತಿದ್ದೆ. ಬಟ್ಟೆ ಹಿಗ್ಗಲಿ ಅಂತ ಸೇರಿಸುವ ಎಲಾಸ್ಟೇನ್ ನೂಲಿಗೆ ಬಿಸಿ ಆಗಿಬರುವುದಿಲ್ಲ. ನಾಲ್ಕೇ ತಿಂಗಳಲ್ಲಿ ರಬ್ಬರ್ ಸತ್ತುಹೋಯಿತು.

ಹಳೇ ಜೀನ್ಸ್ ನಾಲ್ಕು ಇವೆ. ಅಗಲ ಮಾಡಿಸಬಹುದಾ?

ಕತ್ತರಿದಾರ:

ಈಗಲೇ ಬೇಡಮ್ಮ. ಮೈ ಇನ್ನೂ ಬದಲಾಗುತ್ತಿದೆ, ಇವತ್ತಿನ ಅಳತೆಗೆ ಕತ್ತರಿ ಹಾಕಿದರೆ ಆರು ತಿಂಗಳಿಗೆ ಮತ್ತೆ ಬರುತ್ತೀರಿ. ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡನ್ನು ಗುಂಡಿತೂತಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಗುಂಡಿಗೆ ಸುತ್ತಿ. ಮೇಲೆ ಉದ್ದ ಟಾಪ್ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಅಳತೆ ಒಂದು ಕಡೆ ನಿಂತ ಮೇಲೆ ಸೊಂಟಪಟ್ಟಿಯ ಎರಡೂ ಬದಿ ಬಿಚ್ಚಿ ಎಲಾಸ್ಟಿಕ್ ತುಂಡು ಕೂರಿಸಬಹುದು. ಚೆನ್ನಾಗಿ ಬರುತ್ತದೆ.

ರಾತ್ರಿಪಾಳಿ ಬರೆದದ್ದು:

ಒಂದು ಎಚ್ಚರಿಕೆ. ಟೈಟ್ ಜೀನ್ಸ್ ಹಾಕಿ ಹಟ ಸಾಧಿಸಲು ಹೋಗಿ ನನಗೆ ತೊಡೆಯ ಹೊರಬದಿ ಮರಗಟ್ಟಿತ್ತು. ಇರುವೆ ಹರಿದಾಡಿದ ಹಾಗೆ ಜುಮ್ಮೆನ್ನುತ್ತಿತ್ತು, ಒಮ್ಮೊಮ್ಮೆ ಉರಿ. ಬೆನ್ನಿನ ತೊಂದರೆ ಅಂದುಕೊಂಡೆ. ಡಾಕ್ಟರ್ ಪ್ಯಾಂಟ್ ನೋಡಿ ನಕ್ಕರು. ತೊಡೆಸಂದಿನ ಹತ್ತಿರ ಹಾದುಹೋಗುವ ಒಂದು ನರ ಒತ್ತಿದರೆ ಹೀಗಾಗುತ್ತದಂತೆ, ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಅಂತ ಹೆಸರು. ಬಿಗಿ ಬೆಲ್ಟು, ಬಿಗಿ ಪ್ಯಾಂಟು, ಹೊಟ್ಟೆ ಬಂದಿರುವುದು ಎಲ್ಲವೂ ಕಾರಣ ಆಗಬಹುದು. ನನಗೆ ಲೂಸ್ ಹಾಕಿದ ಮೇಲೆ ಕೆಲವು ವಾರದಲ್ಲಿ ಸರಿಹೋಯಿತು. ಮಲಗಿ ಗುಂಡಿ ಹಾಕುವ ಜೀನ್ಸ್ ನಿಮ್ಮದಲ್ಲ ರೀ, ಯಾರಿಗಾದರೂ ಕೊಟ್ಟುಬಿಡಿ.

ಇಂಚುಪಟ್ಟಿ:

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿಪಾಳಿಯವರೇ, ಮಲಗಿ ಹಾಕುತ್ತಿದ್ದ ಎರಡನ್ನು ಇವತ್ತೇ ಚೀಲಕ್ಕೆ ಹಾಕಿದೆ. ಒಂದನ್ನು ವಾಪಸ್ ತೆಗೆದೆ. ಆಮೇಲೆ ಮತ್ತೆ ಹಾಕಿದೆ.

ಮನೆಯಲ್ಲಿದ್ದ ಜೀನ್ಸ್‌ಗಳನ್ನೆಲ್ಲ ಮಂಚದ ಮೇಲೆ ಹರಡಿ ಅಳೆದೆ. ಆರರಲ್ಲಿ ಐದರ ಮುಂದಿನ ರೈಸ್ 8ರಿಂದ 9 ಇಂಚು. ಕೂತು ನೋಡಿದರೆ ಪಟ್ಟಿ ಸರಿಯಾಗಿ ಉಬ್ಬಿನ ಮೇಲೇ ಬರುತ್ತದೆ. ಇಷ್ಟು ದಿನ ನನ್ನ ಹೊಟ್ಟೆಯನ್ನು ಬೈದುಕೊಂಡಿದ್ದೆ. ಒಂದು ಪ್ರಶ್ನೆ. ಕಾಲು ಹೇಗಿರಬೇಕು? ಸ್ಕಿನ್ನಿ ಹಾಕಿದರೆ ನಾನು ಬುಗುರಿ ಥರ ಕಾಣುತ್ತೇನೆ.

ಕತ್ತರಿದಾರ:

ಬುಗುರಿ ಕಾಣುವುದು ಕೆಳಗೆ ಮೊನಚಾದಾಗ. ತೊಡೆಯಿಂದ ಕೆಳಗೆ ನೇರ ಇಳಿಯುವ ಸ್ಟ್ರೇಟ್ ಹಾಕಿ. ಹಿಂಭಾಗ ಚಪ್ಪಟೆಯಾಗಿದೆ ಅನ್ನಿಸಿದರೆ ಹಿಂಜೇಬು ತೀರಾ ಕೆಳಗೆ ಇರುವುದು ಬೇಡ, ಸ್ವಲ್ಪ ಮೇಲಿರಲಿ. ಜೇಬಿನ ಮೇಲಿರುವ ತುಂಡಿಗೆ ಯೋಕ್ ಅನ್ನುತ್ತೇವೆ. ಅದು ನಡುವೆ ಆಳವಾಗಿ ಕೆಳಗಿಳಿದಿದ್ದರೆ ಹಿಂಭಾಗ ಸ್ವಲ್ಪ ದುಂಡಗೆ ಕಾಣುತ್ತದೆ.

ಇನ್ನೊಂದು ಮಾತು. ನಗಬೇಡಿ. ಗಂಡಸರ ವಿಭಾಗಕ್ಕೆ ಹೋಗಿ ನೋಡಿ. ಅವರ ಜೀನ್ಸ್‌ನಲ್ಲಿ ಸೊಂಟಕ್ಕೂ ಹಿಪ್‌ಗೂ ಅಂತರ ಕಡಿಮೆ, ಈಗ ನಿಮಗಿರುವ ಹಾಗೇ. ಚೀಟಿಯಲ್ಲಿ ಸೊಂಟ, ಕಾಲಿನ ಉದ್ದ ಎರಡೂ ಇಂಚಿನಲ್ಲಿ ಇರುತ್ತದೆ. ಆದರೂ ಟೇಪು ತೆಗೆದುಕೊಂಡೇ ಹೋಗಿ. ಹಾಕಿಕೊಂಡು ಹತ್ತು ನಿಮಿಷ ಕೂತು ನೋಡಿ. ನಿಂತು ನೋಡಿದ್ದು ಲೆಕ್ಕಕ್ಕಿಲ್ಲ. ಸ್ಟ್ರೆಚ್ ಇಲ್ಲದ ಗಟ್ಟಿ ಬಟ್ಟೆಯಾದರೆ ಸೊಂಟ ಸ್ವಲ್ಪ ಬಿಗಿ ಇದ್ದರೂ ಪರವಾಗಿಲ್ಲ, ಹಾಕುತ್ತಾ ಹಾಕುತ್ತಾ ಅರ್ಧ ಇಂಚಾದರೂ ಬಿಡುತ್ತದೆ.

ಇಂಚುಪಟ್ಟಿ, ಎರಡು ವಾರದ ನಂತರ:

ಹೋದೆ. ಗಂಡಸರ ಟ್ರಯಲ್ ರೂಮಿನ ಮುಂದೆ ಸಾಲಿನಲ್ಲಿ ನಿಂತಾಗ ಸ್ವಲ್ಪ ಮುಜುಗರ ಆಯಿತು. "ಮಗನಿಗಾ ಮೇಡಂ?" ಅಂದ ಹುಡುಗ. "ನನಗೇ" ಅಂದೆ. ಅವನು ಕಣ್ಣು ಕೂಡ ಮಿಟುಕಿಸದೆ ಇನ್ನೂ ಮೂರು ತಂದುಕೊಟ್ಟ.

ನಾಲ್ಕನೆಯದು ಆಯಿತು. ಸ್ಟ್ರೇಟ್, ಗಾಢ ನೀಲಿ, ಚೀಟಿಯಲ್ಲಿ 33, ಟೇಪಿನಲ್ಲಿ 34½. ಮುಂದಿನ ರೈಸ್ 11. ಒಂದು ಪರ್ಸೆಂಟ್ ಎಲಾಸ್ಟೇನ್. ಪಟ್ಟಿ ಹೊಟ್ಟೆ ದಾಟಿ ಕೂರುತ್ತದೆ. ಹಿಂದೆ ಚೀಲ ಇಲ್ಲ. ತೊಡೆ ಒಂಚೂರು ಲೂಸಿತ್ತು, ಹೊರಬದಿಯಲ್ಲಿ ಹಿಡಿಸಿದೆ. ಉದ್ದ ಎರಡು ಇಂಚು ಕತ್ತರಿಸಿದೆ. ಹತ್ತಲ್ಲ, ಇಪ್ಪತ್ತು ನಿಮಿಷ ಕೂತು ನೋಡಿದೆ, ಹೊರಗೆ ಯಾರೋ ಬಾಗಿಲು ಬಡಿಯುವವರೆಗೆ. ಜೇಬಿನ ವಿಷಯ ಹೇಳಲೇಬೇಕು: ಮೊಬೈಲ್ ಪೂರ್ತಿ ಒಳಗೆ ಹೋಗುತ್ತದೆ! ಮೂವತ್ತು ವರ್ಷ ನಮಗೆ ಮೋಸ ಮಾಡಿದ್ದಾರೆ.

ಒಂದೇ ತೊಂದರೆ. ನಿನ್ನೆ ಒಗೆದು ಒಣಗಿಹಾಕಿದ್ದೆ. ಇವತ್ತು ಬೆಳಿಗ್ಗೆ ನಮ್ಮ ಮನೆಯವರು ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗಿದ್ದಾರೆ. ಫೋನ್ ಮಾಡಿದರೆ, "ಯಾಕೋ ಕಾಲು ಗಿಡ್ಡ ಆಗಿದೆ ಕಣೇ, ಬಟ್ಟೆ ಕುಗ್ಗಿದೆಯಾ?" ಅಂದರು.